ಹೊಳೆಪ್ಪನ ಗುಟ್ಟಿನ ಬ್ರೌಸರು

ಅಣ್ಣಿಗೇರಿ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಹೊಳೆಪ್ಪನ ದನಿ ಊರಿಗೆಲ್ಲ ಗೊತ್ತು, ಮುಖ ಮಾತ್ರ ಅರ್ಧ ಊರಿಗೆ ಗೊತ್ತಿಲ್ಲ. ಜಾಲರಿ ಹಾಕಿದ ಸಣ್ಣ ಕೋಣೆಯಲ್ಲಿ ಕುಳಿತು ಆತ ದಿನವಿಡೀ ಮೈಕಿನಲ್ಲಿ ಕೂಗುತ್ತಾನೆ. ಗದಗ ಬಸ್ಸು ಬಂತು, ಹುಬ್ಬಳ್ಳಿ ಬಸ್ಸು ಹೊರಟಿತು, ಚಿಲ್ಲರೆ ಇಟ್ಟುಕೊಳ್ಳಿ, ಮಕ್ಕಳ ಕೈ ಹಿಡಿದುಕೊಳ್ಳಿ. ಮೈಕಿನ ಮುಂದೆ ಹುಲಿಯಂಥ ಮನುಷ್ಯ. ಮೈಕಿನಿಂದ ಎರಡು ಮಾರು ದೂರ ಸರಿದನೆಂದರೆ ಮಾತೇ ಹೊರಡುವುದಿಲ್ಲ. ಹೆಂಡತಿ ಸುಶೀಲವ್ವ ಸಾರಿಗೆ ಉಪ್ಪು ಹಾಕಲು ಮರೆತ ದಿನ ಆತ ಅದನ್ನು ಹಾಗೆಯೇ ಉಂಡು, "ಇವತ್ತ ಸಾರು ಅಗದಿ ಶಾಂತ ಐತಿ" ಎಂದಿದ್ದು ಆ ಓಣಿಯಲ್ಲಿ ಇಂದಿಗೂ ಪ್ರಸಿದ್ಧ.

ಇಂಥ ಮನುಷ್ಯ ಗುಟ್ಟಾಗಿ ಎರಡನೇ ಸಂಸಾರ ಹೂಡಿದ್ದಾನೆ ಎಂದು ಊರು ನಂಬಿತು. ನಂಬಲು ಊರಿಗೆ ಒಂದು ಬಣ್ಣದ ತೊಟ್ಟಿಲು ಸಾಕಾಯಿತು.

ಹೊಳೆಪ್ಪನಿಗೆ ನಲವತ್ತೇಳು, ಸುಶೀಲವ್ವನಿಗೆ ನಲವತ್ತೆರಡು. ಮಕ್ಕಳಿಲ್ಲ. ಮೊದಲು ದವಾಖಾನೆ ತಿರುಗಿದರು, ಹರಕೆ ಹೊತ್ತರು. ಆಮೇಲೆ ಆ ಮಾತನ್ನು ಮನೆಯ ಅಟ್ಟದ ಮೇಲೆ ಹಾಕಿಬಿಟ್ಟರು. ಇಬ್ಬರಲ್ಲಿ ಒಬ್ಬರೂ ಅದನ್ನು ಕೆಳಗಿಳಿಸುವ ಗೋಜಿಗೆ ಹೋಗಲಿಲ್ಲ. ಹೀಗಿರುವಾಗ ಒಂದು ಮಧ್ಯಾಹ್ನ ಹುಬ್ಬಳ್ಳಿ ಬಸ್ಸಿನಿಂದ ಯಾರೋ ಕಲಘಟಗಿಯ ತೊಟ್ಟಿಲು ಇಳಿಸಿದರು. ಕೆಂಪು ಬಣ್ಣ, ಹಳದಿ ಅಂಚು, ನಾಲ್ಕು ಮೂಲೆಗೂ ಹಸಿರು ಗಿಳಿ. ಹೊಳೆಪ್ಪ ಕೋಣೆಯಿಂದ ಹೊರಬಂದು ಆ ಗಿಳಿಗಳನ್ನೇ ನೋಡುತ್ತ ನಿಂತುಬಿಟ್ಟ. ನವಲಗುಂದದ ಬಸ್ಸು ಕೂಗಿಸಿಕೊಳ್ಳದೆಯೇ ಹೊರಟುಹೋಯಿತು. ಆತನ ಸರ್ವೀಸಿನಲ್ಲಿ ಅದೇ ಮೊದಲ ಸಲ.

ಊಟದ ಹೊತ್ತಿಗೆ ಹೊಳೆಪ್ಪ ಫೋನು ತೆಗೆದು, ಒಂದೇ ಬೆರಳಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ, ಕಲಘಟಗಿ ತೊಟ್ಟಿಲು ಎಂದು ಹುಡುಕಿದ. ಚಿತ್ರಗಳನ್ನು ನೋಡಿದ. ಇನ್ನೊಂದು ಪ್ರಶ್ನೆ ಮನಸ್ಸಿನಲ್ಲಿತ್ತು. ಅದನ್ನು ಕೇಳಲು ಧೈರ್ಯವಾಗದೆ ಫೋನು ಜೇಬಿಗಿಟ್ಟ.

ಹೊಳೆಪ್ಪ ಮರೆತರೂ ಫೋನು ಮರೆಯಲಿಲ್ಲ. ಮರುದಿನ ಮಳೆಯ ಸುದ್ದಿ ನೋಡಲು ಹೋದರೆ ತೊಟ್ಟಿಲು ಬಂತು. ಕ್ರಿಕೆಟ್ಟಿನ ಸ್ಕೋರಿನ ಜೊತೆಗೆ ಕೂಸಿನ ಪೌಡರ್ ಬಂತು. ಹೆಸರುಕಾಳಿನ ಪೇಟೆಧಾರಣೆ ತೆಗೆದರೆ ಒಂದು ಗುಂಡುಮುಖದ ಕೂಸು ಹೊಳೆಪ್ಪನನ್ನೇ ನೋಡಿ ನಗತೊಡಗಿತು.

ಆ ನಗುವ ಕೂಸನ್ನು ಮೊದಲು ಕಂಡ ಹೊರಗಿನವಳು ಬಾಜು ಮನೆಯ ಮೈಲಾರವ್ವ. ಆಕೆಗೆ ಹೆಸರುಕಾಳಿನ ಧಾರಣೆ ಬೇಕಾಗಿತ್ತು.

"ನನ್ನ ಫೋನಿನ್ಯಾಗ ಯಾಕೋ ನೆಟ್ ಲಗೂನ ಮುಗಿಯಾಕತ್ತೈತಿ ಹೊಳೆಪ್ಪಾ. ನಿಂದೀಟು ಕೊಡು" ಎಂದು ಇಸಿದುಕೊಂಡಳು. ನೋಡಿದಳು. ತೆರೆಯ ಮೇಲೆ, 'ಹೊಸ ಅಪ್ಪಂದಿರಿಗೆ ಅಭಿನಂದನೆಗಳು' ಎಂಬ ದೊಡ್ಡ ಅಕ್ಷರಗಳಿದ್ದವು. ಮೈಲಾರವ್ವ ಫೋನನ್ನು ಮಾತಿಲ್ಲದೆ ತಿರುಗಿ ಕೊಟ್ಟಳು. ಮೈಲಾರವ್ವ ಮಾತಾಡಿದರೆ ಓಣಿಗೆ ತೊಂದರೆ, ನಿಜ. ಆದರೆ ಆಕೆ ಸುಮ್ಮನಾದಳೆಂದರೆ ತಾಲೂಕಿಗೇ ತೊಂದರೆ.

ಸಂಜೆಯೊಳಗೆ ಸುದ್ದಿ ಸುಶೀಲವ್ವನಿಗೆ ಮುಟ್ಟಿತು. ಆಕೆ ಗಂಡನನ್ನು ಏನೂ ಕೇಳಲಿಲ್ಲ. ಸಾರಿಗೆ ಮಾತ್ರ ಎರಡರಷ್ಟು ಖಾರ ಬಿತ್ತು. ಹೊಳೆಪ್ಪ ಕಣ್ಣು ಮೂಗು ಒರೆಸಿಕೊಳ್ಳುತ್ತ, "ಸಾರು ಇವತ್ತ ಭಾಳ ಹುರುಪಿನ್ಯಾಗ ಐತಿ" ಎಂದ. ಸುಶೀಲವ್ವ ಎದ್ದು ಒಳಗೆ ಹೋದಳು.

ಏನೋ ಕೆಟ್ಟಿದೆ ಎಂಬುದು ಹೊಳೆಪ್ಪನಿಗೂ ತಿಳಿಯಿತು. ಕೆಟ್ಟಿರುವುದು ಫೋನು ಎಂದು ಅವನು ತೀರ್ಮಾನಿಸಿದ. ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ತಬಸುಮ್ ಬಳಿಗೆ ಹೋಗಿ, ಕೌಂಟರಿನ ಮೇಲೆ ಬಾಗಿ, ಪಿಸುದನಿಯಲ್ಲಿ ಕೇಳಿದ.

"ಯವ್ವಾ, ಈ ಫೋನು ನನ್ನ ಬೆನ್ನ ಹಿಂದ ಬಿದ್ದೈತಿ. ನಾ ಏನ್ ನೋಡಿದೆ ಅಂತ ಊರಿಗೆಲ್ಲಾ ಹೇಳಾಕತ್ತೈತಿ."

ತಬಸುಮ್ ಫೋನು ತಿರುವಿ ನೋಡಿದಳು. ಕೂಸಿನ ಸಾಬೂನು, ಕೂಸಿನ ಟೊಪ್ಪಿಗೆ, ಕೂಸಿನ ಸೊಳ್ಳೆಪರದೆ. ಆಕೆ ಗಿರಾಕಿಯ ಗುಟ್ಟು ಕೇಳುವವಳಲ್ಲ.

"ಕಾಕಾ, ತಪ್ಪು ಫೋನಿಂದಲ್ರಿ, ಬ್ರೌಸರಿಂದು. ನಿಮಗ ನಿಮ್ಮ ಭಾಷಾದಾಗ ಹೇಳಲೇನು? ಈಗ ನಿಮ್ಮ ಹತ್ರ ಇರೂದು ಊರೂರಿಗೆ ನಿಲ್ಲೂ ಬಸ್ಸು ಇದ್ದಂಗ. ನೀವು ಹುಬ್ಬಳ್ಳಿಗೆ ಅಂತ ಹತ್ತೀರಿ. ಅದು ಹಾದಿಗುಂಟ ಜಾಹೀರಾತಿನವರನ್ನ ಹತ್ತಿಸಿಕೋಂತ ಹೊಂಟೈತಿ. ಅವರು ನಿಮ್ಮ ಬಾಜೂಕ ಕುಂತು ಚೀಲದಾಗ ಏನೈತಿ ಅಂತ ಇಣುಕಿ ನೋಡತಾರ. ಮುಂದಿನ ಬಸ್ಸು ಹತ್ತಿದರ ಅಲ್ಲಿನೂ ಅವರ."

ಹೊಳೆಪ್ಪನಿಗೆ ಇಡೀ ಅಂತರ್ಜಾಲವೇ ಅರ್ಥವಾದಂತಾಯಿತು. "ನಾನ್‌ಸ್ಟಾಪ್ ಐತೇನವಾ?"

"ಐತ್ರಿ. ಅವರನ್ನ ಹತ್ತಿಸೂದ ಇಲ್ಲ. ಹಂಗಾಗಿ ಯಾರೂ ಇಣುಕೂದಿಲ್ಲ, ಲಗೂನೂ ಹೋಗತೈತಿ." ಆಕೆ ಮೂರು ಬ್ರೌಸರುಗಳನ್ನು ತೆಗೆದು ತೋರಿಸಿದಳು. ಒಂದರ ಗುರುತು ಸಿಂಹ, ಇನ್ನೊಂದರದು ನರಿ, ಮೂರನೆಯದರದು ಬಾತುಕೋಳಿ.

ಎತ್ತು ಕೊಳ್ಳುವವನು ಒಬ್ಬನೇ ಸಂತೆಗೆ ಹೋಗಬಾರದು ಎಂಬ ಮಾತಿದೆ. ಹೊಳೆಪ್ಪ ಗದಗ ಬಸ್ಸಿನ ಡ್ರೈವರ್ ಕಾಸೀಮಸಾಬನನ್ನು ಕೂಗಿ ಕರೆದ. ಕಾಸೀಮಸಾಬ ಮೂರನ್ನೂ ಹಲ್ಲು ಹಿಡಿದು ನೋಡುವವನಂತೆ ನೋಡಿದ.

"ನರಿ ಬ್ಯಾಡ್ರಿ. ಎಷ್ಟು ಚೊಲೊ ಇದ್ದರೂ ಹೆಸರು ಕೆಟ್ಟೈತಿ. ಬಾತುಕೋಳಿ ಪಾಪದ್ದು, ಖರೆ, ಆದರ ಒಮ್ಮೆ ಒದರಿತಂದ್ರ ಕೆರಿ ಆಚೆ ದಂಡಿಗೆ ಕೇಳತೈತಿ. ಗುಟ್ಟಿನ ಕೆಲಸಕ್ಕ ಅದು ಹೊಂದೂದಿಲ್ಲ."

"ಹಂಗಾರ ಸಿಂಹ?"

"ಸಿಂಹ ಅಡ್ಡಿಯಿಲ್ಲ. ಆದರ ಓಡಿಸಿ ನೋಡದ ತಗೋಬ್ಯಾಡ್ರಿ."

ಓಡಿಸಿ ನೋಡಿದರು. ತಬಸುಮಳ ಅಂಗಡಿಯ ಮೂರು ಫೋನುಗಳನ್ನು ಸಾಲಾಗಿ ಇಟ್ಟು, ಮೂರರಲ್ಲೂ ಒಂದೇ ಪುಟ ತೆರೆಯಲು ಸಿದ್ಧ ಮಾಡಿ, ಕಾಸೀಮಸಾಬನ ಕಂಡಕ್ಟರನಿಂದ ಸೀಟಿ ಊದಿಸಿದರು. ಸೀಟಿ ಕೇಳಿ ಗದಗಕ್ಕೆ ಹೋಗುವ ಜನ ಬಸ್ಸು ಹೊರಟಿತೆಂದು ಓಡಿಬಂದರು, ವಿಷಯ ತಿಳಿದು ಅಲ್ಲಿಯೇ ನಿಂತರು, ತಾವೂ ಪಕ್ಷ ವಹಿಸಿದರು. ಸಿಂಹ ಒಂದು ಕೂದಲೆಳೆಯಷ್ಟು ಮುಂದೆ ಬಂತು. ನರಿಯ ಪಕ್ಷದವರು ಮತ್ತೊಮ್ಮೆ ಓಡಿಸಬೇಕೆಂದು ಗಲಾಟೆ ಮಾಡಿದರು. ಬಸ್ಸಿನೊಳಗೆ ಕುಳಿತಿದ್ದ ಮುದುಕಿಯೊಬ್ಬಳು ಕಿಟಕಿಯಿಂದ ತಲೆ ಹಾಕಿ, "ಆ ಪ್ರಾಣಿಗೋಳ ಹಾಳಾಗಿ ಹೋಗಲಿ, ಮೊದಲ ಈ ಬಸ್ಸು ಓಡಸ್ರಿ!" ಎಂದ ಮೇಲೆ ಸ್ಪರ್ಧೆ ಮುಗಿಯಿತು.

ಸಿಂಹವನ್ನು ಫೋನಿಗೆ ಹಾಕಿಕೊಡುತ್ತ ತಬಸುಮ್ ಎಚ್ಚರಿಸಿದಳು. "ಮುಚ್ಚಿದ ಕೂಡಲೇ ನೋಡಿದ್ದೆಲ್ಲಾ ಅಳಿಸಿ ಹೋಗೂ ಹಂಗ ಮಾಡೀನ್ರಿ ಕಾಕಾ. ಆದರ ಇದು ಇಣುಕೂವರನ್ನಷ್ಟ ತಡೀತೈತಿ. ನಿಮ್ಮ ಬಾಯಿ ನೀವ ಕಾಯ್ಬೇಕು."

"ನಂದೇನವಾ, ನಾ ಮಾತಾಡೂದ ಕಡಿಮಿ" ಎಂದ ಹೊಳೆಪ್ಪ.

ಎರಡು ದಿನ ಹೊಳೆಪ್ಪ ಅರಸನಂತೆ ಇದ್ದ. ಮಳೆಯ ಸುದ್ದಿಯಲ್ಲಿ ಮಳೆ ಮಾತ್ರ ಇತ್ತು. ತೆರೆಯ ಮೇಲೆ ಸಿಂಹ ತಾನು ತಡೆದವರ ಲೆಕ್ಕ ಬೇರೆ ತೋರಿಸುತ್ತಿತ್ತು. ನಿಮ್ಮ ಬೆನ್ನು ಹತ್ತಿದ ಸಾವಿರದ ಇನ್ನೂರು ಮಂದಿಯನ್ನು ತಡೆಯಲಾಗಿದೆ! ತನ್ನಂಥವನ ಹಿಂದೆ ಅಷ್ಟು ಜನ ಬಿದ್ದಿದ್ದರೆಂದು ಹೊಳೆಪ್ಪನಿಗೆ ಒಳಗೊಳಗೇ ಹೆಮ್ಮೆ.

ಮೂರನೆಯ ದಿನ ಕುಂದಗೋಳದಿಂದ ಹೊಳೆಪ್ಪನ ಅಕ್ಕ ಶಾರದವ್ವ ಬಂದಿಳಿದಳು. ಮೈಲಾರವ್ವ ಫೋನು ಮಾಡಿದ್ದಳು. ಶಾರದವ್ವ ನೀರು ಕೂಡ ಕುಡಿಯಲಿಲ್ಲ.

"ಹೊಳ್ಯಾ, ತಗೀ ಆ ಫೋನು."

ಹೊಳೆಪ್ಪ ಕೊಟ್ಟ. ಅಕ್ಕನಿಗೆ ಇಲ್ಲ ಎನ್ನುವ ಅಭ್ಯಾಸ ಆತನಿಗೆ ಹುಟ್ಟಿದಾಗಿನಿಂದ ಇರಲಿಲ್ಲ. ಆಕೆ ಸಿಂಹವನ್ನು ಒತ್ತಿದಳು. ಏನೂ ಬರಲಿಲ್ಲ. ಎಲ್ಲೆಲ್ಲೋ ಒತ್ತಿದ ಮೇಲೆ ಒಂದು ಸಾಲು ಬಂತು. ಶಾರದವ್ವ ಅದನ್ನು ಗಟ್ಟಿಯಾಗಿ ಓದಿದಳು: "ಇತಿಹಾಸವನ್ನು ಅಳಿಸಲಾಗಿದೆ."

ಓದಿ ತಮ್ಮನ ಕಡೆ ತಿರುಗಿದಳು.

"ಇತಿಹಾಸ ಅಳಿಸ್ಯಾನ! ನಮ್ಮಪ್ಪ, ಮುತ್ಯಾ, ನಾಕು ತಲಿಮಾರು ಗಳಿಸಿದ ಇತಿಹಾಸ, ಈ ಭಾಡ್ಯಾ ಒಂದ ಬೊಟ್ಟಿನಿಂದ ಅಳಿಸ್ಯಾನ!"

"ಅಕ್ಕಾ, ಅದು ಅಂಥಾ ಇತಿಹಾಸ ಅಲ್ಲಬೇ. ಅದು ಬ್ರೌಸರು. ನಾನ್‌ಸ್ಟಾಪ್..."

"ನಾನ್‌ಸ್ಟಾಪ್ ಅಂತ! ಹೇಳಾಕರ ನಾಚಿಕಿ ಬ್ಯಾಡೇನು?" ಅಷ್ಟರಲ್ಲಿ ಆಕೆಯ ಕಣ್ಣಿಗೆ ಸಿಂಹದ ಲೆಕ್ಕ ಬಿತ್ತು. ಆಕೆ ಗೋಡೆ ಹಿಡಿದು ಕುಳಿತಳು. "ಅಯ್ಯ ಸುಶೀಲಾ, ಒಬ್ಬಾಕಿ ಅಲ್ಲವಾ! ಸಾವಿರದ ಇನ್ನೂರು ಮಂದಿ ಬೆನ್ನು ಹತ್ತ್ಯಾರಂತ!"

ಬಾಗಿಲಲ್ಲಿ ನಿಂತಿದ್ದ ಮೈಲಾರವ್ವ, "ನಮ್ಮ ತಾಲೂಕಿನ್ಯಾಗ ಅಷ್ಟು ಹೆಣ್ಣಮಕ್ಕಳು ಖಾಲಿ ಎಲ್ಲೆದಾರ?" ಎಂದು ಅಚ್ಚರಿಪಟ್ಟಳು.

ಆಗ ಸುಶೀಲವ್ವ ಮುಂದೆ ಬಂದಳು. ಇಷ್ಟು ದಿನದಲ್ಲಿ ಆಕೆ ಕೇಳಿದ್ದು ಇದೊಂದೇ ಮಾತು. "ಖರೆ ಹೇಳ್ರಿ. ಏನರ ಐತೇನು?"

ಇಲ್ಲ ಎಂದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹೊಳೆಪ್ಪನಿಗೆ ಸುಳ್ಳು ಬರುವುದಿಲ್ಲ. ಮನಸ್ಸಿನಲ್ಲಿ ಆ ಇನ್ನೊಂದು ಪ್ರಶ್ನೆ ಕುಳಿತಿತ್ತು. ಅದನ್ನು ಹೆಂಡತಿಯ ಮುಂದೆ ಇಡುವ ಮೊದಲು ಆಗುತ್ತದೋ ಇಲ್ಲವೋ ತಿಳಿದುಕೊಳ್ಳೋಣ ಎಂದು ಆತನ ಯೋಚನೆ. ಹಾಗಾಗಿ ಬಹಳ ಮೃದುವಾಗಿ ಹೇಳಿದ: "ಈಟು ತಡಿ ಸುಶೀಲಾ. ಖಾತ್ರಿ ಆಗಲಿ, ಆಮ್ಯಾಲೆ ಹೇಳತೀನಿ."

ಲೋಕದಲ್ಲಿ ಗಂಡಂದಿರು ಕೊಟ್ಟ ಉತ್ತರಗಳಲ್ಲಿ ಇದಕ್ಕಿಂತ ಕೆಟ್ಟದ್ದು ಇರಲಿಕ್ಕಿಲ್ಲ.

ಮರುದಿನ ಹೊಳೆಪ್ಪ ಡ್ಯೂಟಿಗೆ ಹೋದ ಮೇಲೆ ಸುಶೀಲವ್ವ ಚೀಲ ತುಂಬಿದಳು. ತವರು ನವಲಗುಂದದಲ್ಲಿತ್ತು. ಜೊತೆಗೆ ಹೋಗಲು ಶಾರದವ್ವ, ಕಳಿಸಿ ಬರಲು ಮೈಲಾರವ್ವ. ಗಂಡನನ್ನು ಬಿಟ್ಟು ಹೋಗುವವಳು ಗಂಡನ ಬಸ್ ಸ್ಟ್ಯಾಂಡಿನಿಂದಲೇ ಹೋಗಬೇಕಾಯಿತು. ಬೇರೆ ಸ್ಟ್ಯಾಂಡು ಊರಿನಲ್ಲಿಲ್ಲ. ಮೂವರೂ ದಪ್ಪ ಕಂಬದ ಮರೆಯ ಕಲ್ಲುಬೆಂಚಿನ ಮೇಲೆ ಕುಳಿತರು.

ಕೋಣೆಯಲ್ಲಿ ಹೊಳೆಪ್ಪ, "ನವಲಗುಂದದ ಬಸ್ಸು ಕಾಲು ತಾಸು ತಡಾ ಐತ್ರಿ, ಪ್ರಯಾಣಿಕರು ಸಹಕರಿಸಬೇಕ್ರಿ" ಎಂದು ಕೂಗಿ, ಮೈಕನ್ನು ಮೇಜಿನ ಮೇಲೆ ಇಟ್ಟ. ಗುಂಡಿ ಆರಿಸಲಿಲ್ಲ. ಇವತ್ತು ಪ್ರಶ್ನೆ ಕೇಳಿಯೇಬಿಡುವುದೆಂದು ನಿಶ್ಚಯಿಸಿದ್ದ ಆತನಿಗೆ ಗುಂಡಿಯ ನೆನಪು ಬರಲಿಲ್ಲ. ಬಾಗಿಲು ಹಾಕಿದ. ಕಿಟಕಿ ಹಾಕಿದ. ಲೋಕದಲ್ಲೇ ಅತಿ ಗುಟ್ಟಿನ ಬ್ರೌಸರು ತೆಗೆದ. ಇಂಗ್ಲಿಷ್ ಅಕ್ಷರದಲ್ಲಿ ದತ್ತು ಎಂದು ಒತ್ತಿದರೆ ಫೋನು ಅದನ್ನು ಡಾಟಾ ಎಂದು ತಿದ್ದಿ ರಿಚಾರ್ಜಿನ ಯೋಜನೆಗಳನ್ನು ಹರಡಿತು. ಮೂರು ಸಲ ಹೀಗಾದ ಮೇಲೆ ಹೊಳೆಪ್ಪ ಬಾಯಿಂದಲೇ ಕೇಳುವ ಗುಂಡಿ ಒತ್ತಿ, ಫೋನನ್ನು ತುಟಿಯ ಹತ್ತಿರ ತಂದು ಪಿಸುಗುಟ್ಟಿದ.

ಆ ಪಿಸುಮಾತು ಬಸ್ ಸ್ಟ್ಯಾಂಡಿನ ನಾಲ್ಕೂ ಧ್ವನಿವರ್ಧಕಗಳಲ್ಲಿ ಗುಂಯ್‌ಗುಟ್ಟಿತು.

"ಕೂಸು... ದತ್ತು ತಗೊಳ್ಳೂದು... ಹೆಂಗ?"

ಪ್ಲಾಟ್‌ಫಾರಮ್ಮಿನಲ್ಲಿ ಕಡಲೆ ತಿನ್ನುತ್ತಿದ್ದವರು ತಿನ್ನುವುದನ್ನು ನಿಲ್ಲಿಸಿದರು. ಫೋನು ಮಾತ್ರ ತಪ್ಪಾಗಿ ಕೇಳಿಸಿಕೊಂಡಿತು. ಹೊಳೆಪ್ಪ ತೆರೆಯನ್ನು ಓದಿ ಗಾಬರಿಯಾದ.

"ಹತ್ತು ಕೂಸು ಅಲ್ಲಪಾ! ಹತ್ತು ತಗೊಂಡು ಏನ್ ಮಾಡ್ಲಿ?"

"ಕಂಟ್ರೋಲರಗ ಹತ್ತು ಕೂಸು ಬೇಕಂತ!" ಎಂದು ಬಾಳೆಹಣ್ಣು ಮಾರುವವಳು ಎದೆಯ ಮೇಲೆ ಕೈ ಇಟ್ಟುಕೊಂಡಳು. ತಾಯಂದಿರು ತಮ್ಮ ತಮ್ಮ ಮಕ್ಕಳನ್ನು ಹತ್ತಿರ ಎಳೆದುಕೊಂಡರು. ಒಬ್ಬ ಮಾತ್ರ, "ನಮ್ಮಲ್ಲಿ ನಾಕು ಅದಾವು, ಒಂದೆರಡು ಒಯ್ಯಲಿ" ಎಂದ. ಸ್ಟ್ಯಾಂಡಿನ ಪೊಲೀಸು, ಯಾರದೋ ಕೂಸು ಕಳೆದಿದೆಯೆಂದು ತಿಳಿದು, ಬೆಂಚುಗಳ ಕೆಳಗೆ ಬಾಗಿ ಹುಡುಕತೊಡಗಿದ. ಕಾಸೀಮಸಾಬ ಬಸ್ಸಿನಿಂದ ಇಳಿದು ಕಿಟಕಿಯ ಗಾಜು ಬಡಿದು ಮೈಕಿನ ಕಡೆ ಕೈ ಮಾಡಿದ. ಆತ ಬಸ್ಸು ಬಿಡಲು ರೈಟ್ ಕೇಳುತ್ತಿದ್ದಾನೆಂದು ತಿಳಿದ ಹೊಳೆಪ್ಪ ಒಳಗಿನಿಂದಲೇ ಹೋಗು ಎಂದು ಕೈ ಬೀಸಿ, ಮತ್ತೆ ಫೋನಿಗೆ ಬಾಯಿ ಹಚ್ಚಿದ. ಈ ಸಲ ದನಿ ಜೋರಾಗಿತ್ತು.

"ಹತ್ತು ಅಲ್ಲೋ ಮಾರಾಯಾ, ದತ್ತು! ದ-ತ್ತು! ಕೂಸು ಒಂದ ಸಾಕು. ಹೆಣ್ಣಾದರೂ ಆತು, ಗಂಡಾದರೂ ಆತು. ನಡದಾಡೂ ಕೂಸಾದರೂ ಆತು. ನನಗ ನಲವತ್ತೇಳು, ನಮ್ಮ ಸುಶೀಲಾಗ ನಲವತ್ತೆರಡು. ಈ ವಯಸ್ಸಿಗೆ ಕೊಡತಾರೇನು, ಅಷ್ಟ ಹೇಳು. ಆಕಿಗೆ ನಾ ಇನ್ನೂ ಹೇಳಿಲ್ಲ. ಹೇಳಿದ ಮ್ಯಾಲೆ ಆಗೂದಿಲ್ಲ ಅಂತ ಬಂದರ ಆಕಿ ಮತ್ತೊಮ್ಮೆ ಒಳಗಿಂದೊಳಗ ಕೊರಗತಾಳ. ಅದಕ್ಕ ಮೊದಲ ನಿನ್ನ ಕೇಳಾಕತ್ತೀನಿ. ಯಾರಿಗೂ ಹೇಳಬ್ಯಾಡ."

ಹುಬ್ಬಳ್ಳಿ ಬಸ್ಸಿನ ಡ್ರೈವರ್ ಇಂಜಿನ್ ಬಂದ್ ಮಾಡಿದ. ಆ ಮೌನದಲ್ಲಿ ಫೋನಿನ ಹೆಣ್ಣುದನಿ ನಾಲ್ಕೂ ಧ್ವನಿವರ್ಧಕಗಳಲ್ಲಿ ಸ್ಪಷ್ಟವಾಗಿ ಕೇಳಿಸಿತು: "ಕ್ಷಮಿಸಿ, ಅರ್ಥವಾಗಲಿಲ್ಲ. ದಯವಿಟ್ಟು ಮತ್ತೊಮ್ಮೆ ಹೇಳಿ."

"ಬ್ಯಾಡ್ರಿ! ನಮಗ ಅರ್ಥ ಆಗೈತಿ!" ಎಂದು ಇಡೀ ಪ್ಲಾಟ್‌ಫಾರಮ್ಮು ಒಕ್ಕೊರಲಿನಿಂದ ಕೂಗಿತು.

ಹೊಳೆಪ್ಪ ತಲೆ ಎತ್ತಿದ. ಮೈಕಿನ ಕೆಂಪು ದೀಪ ನೋಡಿದ. ಮೇಜಿನ ಕೆಳಗೆ ಜಾಗವಿದೆಯೇ ಎಂದು ಕೂಡ ನೋಡಿದ. ಅಷ್ಟರಲ್ಲಿ ಬಾಗಿಲು ತೆರೆದು ಸುಶೀಲವ್ವ ಒಳಗೆ ಬಂದಳು. ಕೈಯಲ್ಲಿ ಚೀಲ ಇತ್ತು. ಹೊಳೆಪ್ಪನಿಗೆ ಚೀಲದ ಅರ್ಥವೂ ಆಗಲಿಲ್ಲ.

"ಎಲ್ಲಿಗಿ ಹೊಂಟೀ?"

"ಎಲ್ಲಿಗೂ ಇಲ್ಲ" ಎಂದು ಆಕೆ ಚೀಲವನ್ನು ನೆಲಕ್ಕಿಟ್ಟಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಕೊಡತಾರ್ರಿ. ಇಬ್ಬರದೂ ವಯಸ್ಸು ಕೂಡಿಸಿ ನೋಡತಾರಂತ. ಎಳೀ ಕೂಸು ಸಿಗೂದಿಲ್ಲ, ಈಟು ದೊಡ್ಡದು ಸಿಗತೈತಿ."

"ನಿನಗ ಹೆಂಗ ಗೊತ್ತು?"

"ನಾ ಹ್ವಾದ ವರ್ಷದಿಂದ ನೋಡಾಕತ್ತೀನಿ. ಮೈಲಾರವ್ವನ ಫೋನಿನ್ಯಾಗ. ನನ್ನ ಫೋನಿನ್ಯಾಗ ನೋಡಿದರ ನೀವು ಕಂಡು ನೊಂದಕೋತೀರಿ ಅಂತ."

ಬಾಗಿಲಲ್ಲಿ ಇಣುಕುತ್ತಿದ್ದ ಮೈಲಾರವ್ವ ಹಣೆ ಬಡಿದುಕೊಂಡಳು. "ನನ್ನ ನೆಟ್ ಎಲ್ಲಿ ಹೋಗತೈತಿ ಅಂತ ಈಗ ತಿಳೀತು! ದಿನಾ ಹೆರಿಗಿ ಲೇಹ್ಯ ತೋರಸ್ತಿತ್ತು. ಈ ಅರವತ್ತರಾಗ ನನಗ್ಯಾಕ ಅಂತ ನಾ ಎರಡು ಸಲ ದವಾಖಾನಿಗೆ ಹೋಗಿ ಬಂದೆ!"

ಶಾರದವ್ವ ಎಲ್ಲರನ್ನೂ ಸರಿಸಿ ಒಳಬಂದಳು. "ನಾ ಮೊದಲ ದಿವಸನ ಹೇಳಿದ್ದೆ, ನನ್ನ ತಮ್ಮ ಅಂಥಾಂವ ಅಲ್ಲ ಅಂತ. ನೀವ ಯಾರೂ ಕೇಳಲಿಲ್ಲ" ಎಂದು ಎಲ್ಲರನ್ನೂ ಗದರಿಸಿದಳು. ಇದೂ ಮೈಕಿನಲ್ಲಿಯೇ ಹೋಯಿತು. ಕೊನೆಗೆ ಕಾಸೀಮಸಾಬನೇ ಬಂದು ಗುಂಡಿ ಆರಿಸಿದ.

ಆಮೇಲಿನದು ಬಸ್ಸಿನ ವೇಗದಲ್ಲಿ ಆಗುವ ಕೆಲಸವಲ್ಲ. ಅರ್ಜಿ ಹಾಕಿದರು, ಕಾದರು. ಧಾರವಾಡದಿಂದ ವಿಚಾರಣೆಗೆ ಒಬ್ಬರು ಮೇಡಂ ಬಂದರು. ಗಂಡ ಹೆಂಡತಿ ಹೊಂದಿಕೊಂಡು ಇದ್ದಾರೆಯೇ, ಮನಸ್ಸು ಬಿಚ್ಚಿ ಮಾತಾಡುತ್ತಾರೆಯೇ ಎಂದು ಬಾಜುದವರನ್ನು ಕೇಳಿದರು.

"ಮಾತಾಡತಾರ್ರೀ" ಎಂದಳು ಮೈಲಾರವ್ವ. "ಇವರು ಮಾತಾಡಿದ್ದು ಕೇಳಿದವರು ಒಂದು ಮುನ್ನೂರು ಮಂದಿ ಸಾಕ್ಷಿ ಅದಾರ."

ಮತ್ತೊಂದು ಬೇಸಿಗೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ಕೂಸು ಸಿಕ್ಕಿತು. ಐದು ವರ್ಷದ ಹುಡುಗಿ. ಹೆಸರು ಐಶ್ವರ್ಯ. ಮುಂದಿನ ಎರಡು ಹಲ್ಲು ಬಿದ್ದಿದ್ದವು. ಎಲ್ಲವನ್ನೂ ಅಳೆದು ನೋಡುವ ಕಣ್ಣು. ಹೊಳೆಪ್ಪ, ಸುಶೀಲವ್ವ ಆಕೆಯನ್ನು ಕರೆದುಕೊಂಡು ಹುಬ್ಬಳ್ಳಿಯಿಂದ ಕಾಸೀಮಸಾಬನ ಗದಗ ಬಸ್ಸಿನಲ್ಲಿ ಊರಿಗೆ ಹೊರಟರು. ಹುಡುಗಿ ಕಿಟಕಿಗೆ ಕುಳಿತಳು. ಹೆಸರುಕಾಳಿನ ಹೊಲ, ಕರಿ ನೆಲ, ದೂರದ ರೈಲು, ಒಂದನ್ನೂ ಬಿಡದೆ ನೋಡಿದಳು. ಹಾದಿಯಲ್ಲಿ ಒಂದೂ ಮಾತಾಡಲಿಲ್ಲ. ಏನು ಮಾತಾಡಬೇಕೋ ಹೊಳೆಪ್ಪನಿಗೂ ತಿಳಿಯಲಿಲ್ಲ.

ಅಣ್ಣಿಗೇರಿ ಸ್ಟ್ಯಾಂಡಿನಲ್ಲಿ ಅರ್ಧ ಊರು ನೆರೆದಿತ್ತು. ಮುಂದೆ ಶಾರದವ್ವ ಆರತಿ ತಟ್ಟೆ ಹಿಡಿದಿದ್ದಳು. ಮೈಲಾರವ್ವ ಸಕ್ಕರೆ ಹಂಚಲು ಆಗಲೇ ಶುರು ಮಾಡಿದ್ದಳು. ತಬಸುಮ್ ಅಂಗಡಿಗೆ ಅರ್ಧ ಬಾಗಿಲು ಹಾಕಿ ಬಂದಿದ್ದಳು.

"ಇಳೀಯವ್ವಾ, ನಮ್ಮೂರು ಬಂತು" ಎಂದಳು ಸುಶೀಲವ್ವ.

ಹುಡುಗಿ ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಬಸ್ಸು ಮುಂದ ಎಲ್ಲಿಗಿ ಹೋಗತೈತಿ?"

"ಗದಗಕ್ಕ."

"ನಾ ನೋಡಿಲ್ಲ. ನಾ ಇಳಿಯೂದಿಲ್ಲ."

ಕೆಳಗಿನಿಂದ ಎಲ್ಲರೂ ಕೈ ಚಾಚಿ ಕರೆಯತೊಡಗಿದರು. ಯಾರೋ ಬಿಸ್ಕೀಟು ತೋರಿಸಿದರು. ಪೊಲೀಸು ಟೊಪ್ಪಿಗೆ ತೆಗೆದು ಕುಣಿಸಿದ. ಹುಡುಗಿ ಆ ಜನವನ್ನೆಲ್ಲ ನೋಡಿ ಸುಶೀಲವ್ವನ ಮಗ್ಗುಲಿಗೆ ಇನ್ನಷ್ಟು ಸರಿದಳು. ಸುಶೀಲವ್ವ ಗಂಡನ ಮುಖ ನೋಡಿದಳು. ಹೊಳೆಪ್ಪ ಅಕ್ಕನನ್ನು ನೋಡಿದ, ಉರಿಯುವ ಆರತಿಯನ್ನು ನೋಡಿದ, ಸುಶೀಲವ್ವನ ತೋಳು ಹಿಡಿದ ಸಣ್ಣ ಕೈಯನ್ನು ನೋಡಿದ. ಆಮೇಲೆ ಎದ್ದು ನಿಂತು, ಮೈಕಿಲ್ಲದೆಯೇ, ಇಡೀ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದ:

"ಕಾಸೀಮಣ್ಣಾ, ರೈಟ್! ಗದಗ ನೋಡಿ ಬರೂಣು!"

ಬಸ್ಸು ಹೊರಟಿತು. "ಏ ಹೊಳ್ಯಾ! ಆರತಿ! ಆರತಿ ಆರತೈತಿ!" ಎಂದು ಶಾರದವ್ವ ತಟ್ಟೆ ಹಿಡಿದು ಗೇಟಿನ ತನಕ ಓಡಿಬಂದಳು. ಅದನ್ನು ನೋಡಿ ಹುಡುಗಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಊರು ದಾಟಿದ ಮೇಲೆ ಹೊಳೆಪ್ಪನ ಕಡೆ ತಿರುಗಿ ಮೊದಲ ಸಲ ನೇರವಾಗಿ ಕೇಳಿದಳು.

"ನೀವು ಹೇಳಿದರ ಬಸ್ಸು ಹೋಗತೈತೇನು?"

"ಹೋಗತೈತವ್ವಾ" ಎಂದ ಹೊಳೆಪ್ಪ. "ನಾಳಿಂದ ನೀ ಹೇಳು."